ಬೊಲೊನ್ಯಾದಲ್ಲಿ ಬಿಡಾರ ಹೂಡಿ ಎಂಟು ದಿನ

ಇಟಲಿ ಅಂದರೆ ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಪಟ್ಟಿ ಮಾಡಿಕೊಂಡು ಎರಡು ದಿನಕ್ಕೊಮ್ಮೆ ಸೂಟ್‌ಕೇಸ್ ಎಳೆಯುವವರೇ ಹೆಚ್ಚು. ನಾನೂ ಅಕ್ಕನೂ ಸೆಪ್ಟೆಂಬರ್ ಕೊನೆಯಲ್ಲಿ ಹೋದದ್ದು ಊಟಕ್ಕೆ. ಅದಕ್ಕೇ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯ ಒಂದನ್ನೇ ಹಿಡಿದೆವು. ಬೊಲೊನ್ಯಾದಲ್ಲಿ ರೈಲು ನಿಲ್ದಾಣಕ್ಕೆ ಹತ್ತಿರ, ಅಡುಗೆಮನೆ ಇರುವ ಸಣ್ಣ ಮನೆಯೊಂದನ್ನು ಎಂಟು ರಾತ್ರಿಗೆ ಬಾಡಿಗೆಗೆ ತೆಗೆದುಕೊಂಡೆವು. ಇದೇ ದಾರಿ ಹಿಡಿಯುವವರಿಗೆ ನನ್ನ ಮೊದಲ ಮಾತು ಅದೇ: ಬಿಡಾರ ಒಂದೇ ಇರಲಿ, ಅಡುಗೆಮನೆ ಇರಲಿ. ಅಡುಗೆಮನೆ ಯಾಕೆ ಬೇಕು ಅನ್ನುವುದು ನಮಗೂ ನಾಲ್ಕನೇ ದಿನವೇ ಗೊತ್ತಾದದ್ದು.

ಮೊದೆನಾ, ರೆಜ್ಜೊ ಎಮಿಲಿಯಾ, ಪಾರ್ಮಾ ಮೂರೂ ಬೊಲೊನ್ಯಾದಿಂದ ಒಂದೇ ರೈಲು ದಾರಿಯಲ್ಲಿ ಸಾಲಾಗಿ ಬರುತ್ತವೆ. ಸಾಧಾರಣ ಪ್ಯಾಸೆಂಜರ್ ರೈಲಿನಲ್ಲಿ ಮೊದೆನಾಕ್ಕೆ ಅರ್ಧ ಗಂಟೆ, ಪಾರ್ಮಾಕ್ಕೆ ಸುಮಾರು ಒಂದು ಗಂಟೆ. ಈ ರೈಲುಗಳಿಗೆ ಮುಂಗಡ ಬುಕಿಂಗ್ ಬೇಕಿಲ್ಲ. ಆದರೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು, ಮರೆತರೆ ದಂಡ. ದಾವಣಗೆರೆ ದಾಟಿದ ಮೇಲೆ ಮುದ್ದೆ ಹಿಂದಾಗಿ ರೊಟ್ಟಿ ಮುಂದಾಗುತ್ತದಲ್ಲ, ಇಲ್ಲಿಯೂ ಹಾಗೆಯೇ. ಬೊಲೊನ್ಯಾದಲ್ಲಿ ಮಾಂಸ ತುಂಬಿದ ತೊರ್ತೆಲ್ಲೀನಿ ಎಂಬ ಪುಟ್ಟ ಪಾಸ್ತಾ ಸಾರಿನಲ್ಲಿ ತೇಲಿ ಬರುತ್ತದೆ. ಪಾರ್ಮಾಕ್ಕೆ ಹೋದರೆ ಸೊಪ್ಪು, ರಿಕೊತ್ತಾ ಎಂಬ ಮೆತ್ತನೆಯ ಚೀಸ್ ತುಂಬಿದ ತೊರ್ತೆಲ್ಲಿಯ ಮೇಲೆ ಬೆಣ್ಣೆ ಸುರಿದು ಕೊಡುತ್ತಾರೆ. ಇತ್ತ ಫೆರಾರಾದಲ್ಲಿ ಒಳಗೆ ಸಿಹಿಗುಂಬಳದ ಹೂರಣ.

'ಸ್ಪಘೆಟ್ಟಿ ಬೊಲೊನೇಸ್' ಕೇಳಬೇಡಿ. ಬೊಲೊನ್ಯಾದವರು ರಾಗೂ ಅನ್ನುವ ಆ ಮಾಂಸದ ಗೊಜ್ಜನ್ನು ತಾಲ್ಯಾತೆಲ್ಲೆ ಎಂಬ ಅಗಲ ಪಟ್ಟಿಯ ಪಾಸ್ತಾಕ್ಕೇ ಕಲಸುವುದು. ಆ ಪಟ್ಟಿ ಬೆಂದ ಮೇಲೆ 8 ಮಿಲಿಮೀಟರ್ ಅಗಲ ಇರಬೇಕೆಂದು 1972ರಲ್ಲಿ ನಗರದ ವಾಣಿಜ್ಯ ಮಂಡಳಿಯಲ್ಲಿ ದಾಖಲೆಯನ್ನೇ ಇಟ್ಟಿದ್ದಾರೆ. ಊರ ನಡುವಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ ಅಂತ ಲೆಕ್ಕವೂ ಉಂಟು. ಊಟವನ್ನು ಇಷ್ಟು ಅಭಿಮಾನದಿಂದ ಕಾಪಾಡಿಕೊಳ್ಳುವ ಊರನ್ನು ನಾನು ಬೇರೆಲ್ಲೂ ನೋಡಿಲ್ಲ.

ಎರಡನೇ ದಿನ ಪಾಸ್ತಾ ಕಲಿಯಲು ಹೋದೆವು. ಹಿಟ್ಟು ಲಟ್ಟಿಸುವ ಹೆಂಗಸರಿಗೆ ಅಲ್ಲಿ ಸ್ಫೋಲ್ಯೀನಾ ಅನ್ನುತ್ತಾರೆ. ಲೆಕ್ಕ ಸುಲಭ: 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ, ನೀರು ಹಾಕುವ ಹಾಗಿಲ್ಲ. ಲಟ್ಟಣಿಗೆ ಮಾತ್ರ ಒಂದು ಮೊಳಕ್ಕಿಂತ ಉದ್ದ. ಹೋಳಿಗೆ ಮಾಡಿ ಪಳಗಿದ ಅಕ್ಕನ ಕೈ ಬೇಗ ಹೊಂದಿಕೊಂಡಿತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು, ಅಷ್ಟು ತೆಳು. ಮೊಟ್ಟೆ ತಿನ್ನದವರು ಗಮನಿಸಿ: ಈ ಭಾಗದ ಹೆಚ್ಚಿನ ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ. ಒಣ ಸ್ಪಘೆಟ್ಟಿ, ಪೆನ್ನೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಈಗ ಚೀಸಿನ ವಿಚಾರ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಪಾರ್ಮಿಜಾನೊ ರೆಜ್ಜಾನೊ ಮಾಡುವ ಡೈರಿಗಳಿಗೆ ಮೊದಲೇ ಬರೆದು ಸಮಯ ಗೊತ್ತುಮಾಡಿಕೊಳ್ಳಬೇಕು. ಬೆಳಗ್ಗೆಯೇ ಹೋಗಿ, ಹತ್ತು ಗಂಟೆ ದಾಟಿದರೆ ನೋಡಬೇಕಾದ ಕೆಲಸ ಮುಗಿದಿರುತ್ತದೆ. ಸಂಜೆಯ ಹಾಲನ್ನು ರಾತ್ರಿಯಿಡೀ ಬಿಟ್ಟು, ಕೆನೆ ತೆಗೆದು, ಬೆಳಗಿನ ಹಾಲಿನ ಜೊತೆ ದೊಡ್ಡ ತಾಮ್ರದ ಹಂಡೆಗೆ ಸುರಿಯುತ್ತಾರೆ. ಅದಕ್ಕೆ ಹಿಂದಿನ ದಿನ ಎತ್ತಿಟ್ಟ ಹುಳಿ ತಿಳಿ ಸೇರಿಸುತ್ತಾರೆ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಹಾಲು ಒಡೆದ ಮೇಲೆ ದೊಡ್ಡ ಕಡಗೋಲಿನಂಥ ಸಾಧನದಿಂದ ಅಕ್ಕಿ ಕಾಳಿನಷ್ಟು ಸಣ್ಣಗೆ ಮುರಿದು, 55 ಡಿಗ್ರಿವರೆಗೆ ಕಾಯಿಸುತ್ತಾರೆ. ತಳದಲ್ಲಿ ಕೂತ ಗಡ್ಡೆಯನ್ನು ಇಬ್ಬರು ಬಟ್ಟೆಯಲ್ಲಿ ಎತ್ತಿ ಎರಡು ಹೋಳು ಮಾಡುತ್ತಾರೆ. ಒಂದು ಹಂಡೆಗೆ ಎರಡು ಚಕ್ರ, ಒಂದೊಂದಕ್ಕೆ ಸುಮಾರು 550 ಲೀಟರ್ ಹಾಲು. ಆಮೇಲೆ ಮೂರು ವಾರದ ಹತ್ತಿರ ಉಪ್ಪುನೀರಿನ ಸ್ನಾನ, ಕಡಿಮೆ ಎಂದರೂ 12 ತಿಂಗಳು ಮರದ ಹಲಗೆಯ ಮೇಲೆ ವಾಸ. ಕೊನೆಗೆ ಪರೀಕ್ಷಕರು ಪುಟ್ಟ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ; ಒಳಗೆ ಬಿರುಕಿದ್ದರೆ ದನಿಯಲ್ಲೇ ಗೊತ್ತಾಗುತ್ತದೆ. ಕೊಳ್ಳುವುದಾದರೆ 24 ತಿಂಗಳಿನದು ಕೊಳ್ಳಿ. ಹರಳು ಹರಳಾಗಿ ಬಾಯಲ್ಲಿ ಮುರಿಯುತ್ತದೆ.

ಆದರೆ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಈ ಚೀಸಿಗೆ ನಿಯಮ ಇರುವುದೇ ಹಾಗೆ, ಬೇರೆ ಹಾಕುವಂತಿಲ್ಲ. ಮೊಟ್ಟೆ ತಿಂದರೂ ಮಾಂಸ ಮುಟ್ಟದ ಅಕ್ಕನಿಗೆ ಇದು ಗೊತ್ತಾದದ್ದು ನಾಲ್ಕನೇ ದಿನ, ಆ ಹಂಡೆಯ ಪಕ್ಕ ನಿಂತಾಗ. ಮೂರು ದಿನ ಅದನ್ನೇ ತಿಂದಿದ್ದಳು. ವಾಪಸು ಬರುವಾಗ ರೈಲಿನಲ್ಲಿ ಮಾತೇ ಆಡಲಿಲ್ಲ. ಹೊರಡುವ ಮುಂಚೆ ಓದಿಕೊಳ್ಳದಿದ್ದದ್ದು ನನ್ನ ತಪ್ಪು. ನೀವು ಸಸ್ಯಾಹಾರಿಗಳಾಗಿದ್ದರೆ ಇದನ್ನು ಮನೆಯಲ್ಲಿ ಕೂತೇ ತೀರ್ಮಾನಿಸಿಕೊಂಡು ಹೊರಡಿ. ಸೊಪ್ಪಿನ ತೊರ್ತೆಲ್ಲಿಯ ಹೂರಣದಲ್ಲೂ ಈ ಚೀಸ್ ಇರುತ್ತದೆ, ಕುಂಬಳದ್ದರಲ್ಲೂ ಇರುತ್ತದೆ.

'ಸೋನೊ ವೆಜೆತಾರಿಯಾನಾ' (ಗಂಡಸರು 'ವೆಜೆತಾರಿಯಾನೊ') ಅಂದರೆ ಮಾಣಿಗೆ ಅರ್ಥವಾಗುತ್ತದೆ, ಆದರೆ ಅಷ್ಟಕ್ಕೇ ಬಿಡಬೇಡಿ. 'ಬ್ರೋದೊ ದಿ ಕಾರ್ನೆ?' ಎಂದು ಕೇಳಿ, ಸೂಪಿನ ತಳದಲ್ಲಿ ಮಾಂಸದ ಸಾರಿದೆಯೇ ಎಂದರ್ಥ. 'ಸ್ತ್ರುತ್ತೊ?' ಎಂದೂ ಕೇಳಿ, ಅದು ಹಂದಿ ಕೊಬ್ಬು. ನಮ್ಮ ಚಪಾತಿಯ ಅಣ್ಣನಂತಿರುವ ರೊಮಾನ್ಯಾದ ಪಿಯಾದೀನಾವನ್ನು ಹಳೆ ಪದ್ಧತಿಯಲ್ಲಿ ಅದೇ ಕೊಬ್ಬು ಹಾಕಿ ಕಲಸುತ್ತಾರೆ. ಎಣ್ಣೆಯದು ಬೇಕಾದರೆ 'ಆಲ್ಲೋಲಿಯೊ' ಅನ್ನಿ. ಈರುಳ್ಳಿ ಟೊಮೆಟೊವನ್ನು ಗಂಟೆಗಟ್ಟಲೆ ಬೇಯಿಸುವ ಫ್ರಿಜ್ಜೋನೆ ಎಂಬ ಗೊಜ್ಜಿಗೂ ಇದೇ ಪ್ರಶ್ನೆ ಕೇಳಬೇಕು. ಎಣ್ಣೆಯಲ್ಲಿ ಮಾಡಿದ್ದು ಸಿಕ್ಕರೆ ಬಿಡಬೇಡಿ.

ಮೊದೆನಾಕ್ಕೆ ಒಂದು ಇಡೀ ದಿನ ಕೊಡಿ. ಬೆಳಗ್ಗೆ ಅಲ್ಬಿನೆಲ್ಲಿ ಮಾರುಕಟ್ಟೆ, ಆಮೇಲೆ ಹತ್ತಿರದ ಯಾವುದಾದರೂ ಅಚೆತಾಯಾ, ಅಂದರೆ ಬಾಲ್ಸಾಮಿಕ್ ವಿನೆಗರ್ ಮಾಗಿಸುವ ಅಟ್ಟ. ದ್ರಾಕ್ಷಿ ರಸವನ್ನು ಕುದಿಸಿ ಗಟ್ಟಿಮಾಡಿ, ಒಂದಕ್ಕಿಂತ ಒಂದು ಚಿಕ್ಕದಾದ ಪೀಪಾಯಿಗಳ ಸಾಲಿಗೆ ತುಂಬುತ್ತಾರೆ. ಬೇಸಿಗೆಯ ಸೆಕೆ, ಚಳಿಗಾಲದ ಥಂಡಿ ಎರಡೂ ತಾಗಲಿ ಎಂದೇ ಅಟ್ಟದ ಮೇಲೆ ಇಡುವುದು. ವರ್ಷಕ್ಕೊಮ್ಮೆ ಕೊನೆಯ ಪೀಪಾಯಿಂದ ಕೊಂಚ ತೆಗೆದು, ಅದನ್ನು ಅದಕ್ಕಿಂತ ದೊಡ್ಡದರಿಂದ ತುಂಬುತ್ತಾರೆ. ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಹೊಸ ಸಾಲು ಶುರುಮಾಡಿ, ಮದುವೆಯಲ್ಲಿ ಅವಳಿಗೆ ಕೊಡುವ ರೂಢಿಯೂ ಇತ್ತಂತೆ. ಕೊಳ್ಳುವಾಗ ಹೆಸರಿನಲ್ಲಿ 'ತ್ರಾದಿತ್ಸಿಯೊನಾಲೆ' ಎಂಬ ಪದ ಇದೆಯೇ ನೋಡಿ. ಅದಿದ್ದರೆ ಕನಿಷ್ಠ 12 ವರ್ಷ, 'ಎಕ್ಸ್ತ್ರಾವೆಕ್ಕಿಯೊ' ಎಂದಿದ್ದರೆ 25 ವರ್ಷ ಮಾಗಿದ್ದು. ಮೊದೆನಾದ್ದು 100 ಮಿಲಿಲೀಟರಿನ ಗುಂಡು ಹೊಟ್ಟೆಯ ಒಂದೇ ಬಗೆಯ ಬಾಟಲಿಯಲ್ಲಿ ಮಾತ್ರ ಬರುತ್ತದೆ. ಸೂಪರ್ ಮಾರ್ಕೆಟ್ಟಿನ ಅಗ್ಗದ ಬಾಟಲಿಗೆ 60 ದಿನ ಸಾಕು, ಅದರಲ್ಲಿ ವೈನಿನ ವಿನೆಗರ್ ಬೆರೆತಿರುತ್ತದೆ. ಸಾಲಡ್ಡಿಗೆ ಅದೂ ಆದೀತು.

ವೈನ್ ವಿಚಾರದಲ್ಲಿ ಇಲ್ಲಿಯದನ್ನೇ ಕುಡಿಯಿರಿ. ಲಂಬ್ರುಸ್ಕೊ ಕೆಂಪಗಿದ್ದರೂ ನೊರೆ ಬರುವಂಥದ್ದು, ತಣ್ಣಗೆ ಕೊಡುತ್ತಾರೆ. ಸೊರ್ಬಾರಾ ಊರಿನದು ತಿಳಿಗುಲಾಬಿ, ಹುಳಿ ಮುಂದು. ಕಸ್ತೆಲ್ವೆತ್ರೊದ ಗ್ರಾಸ್ಪರೊಸ್ಸಾ ಕಡುಗೆಂಪು, ನಾಲಿಗೆಗೆ ಸ್ವಲ್ಪ ಒಗರು. ಬೆಣ್ಣೆ, ಕೊಬ್ಬಿನ ಊಟದ ನಡುವೆ ಒಂದು ಗುಟುಕು ಇಳಿದರೆ ಬಾಯಿ ತೊಳೆದಂತಾಗುತ್ತದೆ. ಸಿಹಿ ಬೇಡದಿದ್ದರೆ 'ಸೆಕ್ಕೊ' ಎಂದು ಹೇಳಿ.

ಕಸ್ತೆಲ್ವೆತ್ರೊದ ದ್ರಾಕ್ಷಿ ಗುಡ್ಡಗಳಿಗೆಂದು ಒಂದು ದಿನ ಕಾರು ಬಾಡಿಗೆಗೆ ಪಡೆದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಲ್ಲೇ ಮಾಡಿಸಿಕೊಂಡಿದ್ದೆ. ಆದರೆ ಹಳೇ ಪೇಟೆಗಳ ಬಾಯಲ್ಲಿ ಇರುವ 'ಜ಼ೋನಾ ತ್ರಾಫಿಕೊ ಲಿಮಿತಾತೊ' (ವಾಹನ ನಿರ್ಬಂಧಿತ ವಲಯ) ಫಲಕ ನನಗೆ ಕಾಣಲಿಲ್ಲ. ಅನುಮತಿ ಇಲ್ಲದ ವಾಹನ ಒಳಹೊಕ್ಕರೆ ಕ್ಯಾಮೆರಾ ಫೋಟೊ ಹಿಡಿಯುತ್ತದೆ. ನಾಲ್ಕು ತಿಂಗಳ ಮೇಲೆ ಮನೆಗೆ ದಂಡದ ಪತ್ರ ಬಂತು. ನನ್ನ ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಮೊದಲೇ ಕಾರ್ಡಿನಿಂದ ತನ್ನ ಶುಲ್ಕ ಕಿತ್ತುಕೊಂಡಿತ್ತು. ಕಾರನ್ನು ಪೇಟೆಯ ಹೊರಗೇ ನಿಲ್ಲಿಸಿ, ಒಳಗೆ ನಡೆದು ಹೋಗಿ.

ಉಳಿದ ಸಣ್ಣಪುಟ್ಟ ವಿಷಯ: ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆಯೊಳಗೆ ಮುಗಿಸಿ, ಆಮೇಲೆ ಅಡುಗೆಮನೆ ಮುಚ್ಚಿ ರಾತ್ರಿ ಏಳೂವರೆಗೇ ತೆರೆಯುವುದು. ಬಿಲ್ಲಿನಲ್ಲಿ ತಲೆಗೆ ಎರಡು ಮೂರು ಯೂರೋ 'ಕೊಪೆರ್ತೊ' ಎಂದು ಇದ್ದರೆ ಅದು ಮೇಜಿನ ಶುಲ್ಕ, ಮೋಸವಲ್ಲ. ಆಗಸ್ಟ್ 15ರ ಹಿಂದೆಮುಂದೆ ಹೋಗಬೇಡಿ, ಊರಿಗೆ ಊರೇ ರಜೆ ಹಾಕಿರುತ್ತದೆ. ವೀಸಾಕ್ಕೆ ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ತಿಂಗಳಿಗೆ ಬಿಡಬೇಡಿ.

ಡೈರಿಯಿಂದ ಬಂದ ದಿನದಿಂದ ಅಕ್ಕ ದಿನವೂ ಮೆರ್ಕಾತೊ ದೆಲ್ಲೆ ಎರ್ಬೆ ಮಾರುಕಟ್ಟೆಗೆ ಹೋಗಿ ತರಕಾರಿ ತರುತ್ತಿದ್ದಳು. ಕೊನೆಯ ರಾತ್ರಿ ಪೊರ್ಚೀನಿ ಅಣಬೆ ತಂದು, ಬಾಟಲಿಯಿಂದಲೇ ಹಿಟ್ಟು ಲಟ್ಟಿಸಿ, ಚೀಸ್ ಇಲ್ಲದ ತಾಲ್ಯಾತೆಲ್ಲೆ ಮಾಡಿದಳು. ಪಟ್ಟಿಗಳು 8 ಮಿಲಿಮೀಟರಿಗಿಂತ ಅಗಲವಾಗಿಯೇ ಬಂದಿದ್ದವು. ಆ ಎಂಟು ದಿನದಲ್ಲಿ ನಾನು ಎರಡನೇ ಸಲ ಬಡಿಸಿಕೊಂಡ ಊಟ ಅದೊಂದೇ.