ಆಂಟೆನಾ ತಂತಿ ಬಿಚ್ಚಿ ನೋಡುವ ತನಕ ಕೆಲಸ ಮುಗಿಯದು

ನಾನು ಸರಕು ಹಡಗುಗಳಲ್ಲಿ ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್, ಅಂದರೆ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳನ್ನು ನೋಡಿಕೊಳ್ಳುವವನು. ರಜೆಯಲ್ಲಿ ಮಂಡ್ಯಕ್ಕೆ ಬಂದಾಗಲೆಲ್ಲ, ಎಲೆಕ್ಟ್ರಾನಿಕ್ಸ್ ಓದಿ ಇದೇ ಕೆಲಸಕ್ಕೆ ಬರಬೇಕೆಂದಿರುವ ಹುಡುಗರು ಕೇಳುವ ಪ್ರಶ್ನೆ ಒಂದಿದೆ: ಹಡಗಿನ ಜಿಪಿಎಸ್ ರಿಸೀವರ್ ತಾನಾಗಿಯೇ ಉಪಗ್ರಹಗಳನ್ನು ಹುಡುಕಿಕೊಳ್ಳುವಾಗ, ಅದರಲ್ಲಿ ನಾವು ಹೊಂದಿಸುವುದಕ್ಕೆ ಏನಿದೆ?

ರಿಸೀವರ್ ಬೇಗನೆ ಸಿದ್ಧವಾಗುತ್ತದೆ, ನಿಜ. ಆದರೆ ಅದು ಕೊಡುವ ಸ್ಥಾನವನ್ನು ಅದರ ಪರದೆಯಲ್ಲಿ ಓದುವವರು ಕಡಿಮೆ. ಎಲೆಕ್ಟ್ರಾನಿಕ್ ನಕ್ಷೆ, ರಾಡಾರ್, ನಮ್ಮ ಹಡಗಿನ ಗುರುತು ಮತ್ತು ಸ್ಥಾನವನ್ನು ಬೇರೆ ಹಡಗುಗಳಿಗೆ ರೇಡಿಯೋ ಮೂಲಕ ತಿಳಿಸುವ ಎಐಎಸ್, ಪ್ರಯಾಣದ ದಾಖಲೆ ಇಡುವ ವಿಡಿಆರ್, ಇವೆಲ್ಲ ಅದೇ ಮಾಹಿತಿಯನ್ನು ತಂತಿಯ ಮೂಲಕ ಪಡೆದು ನಡೆಯುತ್ತವೆ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಕೇಳಿ ಕೊನೆ ಭಾಗದ ರೈತ ನಿಶ್ಚಿಂತನಾಗುವುದಿಲ್ಲ, ತನ್ನ ಗದ್ದೆಗೇ ಹೋಗಿ ನೋಡುತ್ತಾನೆ. ನಮ್ಮ ಕೆಲಸವನ್ನೂ ಕೊನೆ ಭಾಗದಲ್ಲಿಯೇ ಪರೀಕ್ಷಿಸಬೇಕು.

ಮೊದಲಿನ ಹೊಂದಾಣಿಕೆಗಳು ಸರಳ. ಡೇಟಂ, ಅಂದರೆ ಅಕ್ಷಾಂಶ ರೇಖಾಂಶಗಳನ್ನು ಅಳೆಯಲು ಆಧಾರವಾಗಿ ಹಿಡಿಯುವ ಭೂಮಿಯ ಮಾದರಿ, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಆಗಿರಬೇಕು. ಹಳೆಯ ಕಾಗದದ ನಕ್ಷೆಗೆಂದು ಯಾರೋ ಬೇರೆ ಡೇಟಂ ಆರಿಸಿ ಹಾಗೆಯೇ ಬಿಟ್ಟಿದ್ದರೆ, ಎಲೆಕ್ಟ್ರಾನಿಕ್ ನಕ್ಷೆಯ ಮೇಲೆ ಹಡಗು ತಾನಿಲ್ಲದ ಕಡೆ ಕಾಣಿಸಿಕೊಳ್ಳುತ್ತದೆ. ರಿಸೀವರ್ ಉಳಿದ ಯಂತ್ರಗಳಿಗೆ ಮಾಹಿತಿಯನ್ನು ಸಾಲು ಸಾಲಾಗಿ ಕಳುಹಿಸುವುದು ಎನ್‌ಎಂಇಎ 0183 ಎಂಬ ನಿಗದಿತ ಕ್ರಮದಲ್ಲಿ. ಅದರ ಸಾಮಾನ್ಯ ವೇಗ ಸೆಕೆಂಡಿಗೆ 4800 ಬಿಟ್, ಅಂದರೆ ಸುಮಾರು 480 ಅಕ್ಷರ. ಒಂದು ಸಾಲು 82 ಅಕ್ಷರದವರೆಗೆ ಇರಬಹುದಾದ್ದರಿಂದ, ಬೇಕಾದದ್ದು ಬೇಡದ್ದೆಲ್ಲವನ್ನೂ ಪ್ರತಿ ಸೆಕೆಂಡ್ ಕಳುಹಿಸುವಂತೆ ಹೊಂದಿಸಿದರೆ ತಂತಿ ತುಂಬಿ ಮಾಹಿತಿ ತಡವಾಗುತ್ತದೆ.

ರಿಸೀವರ್ ಕೊಡುವುದು ಆಂಟೆನಾದ ಸ್ಥಾನವನ್ನು. ಆದ್ದರಿಂದ ಹಡಗಿನಲ್ಲಿ ಆಂಟೆನಾ ಇರುವ ಜಾಗದ ಅಳತೆಗಳಿಗೆ ಹೆಚ್ಚು ಎಚ್ಚರ ಬೇಕು. ಎಐಎಸ್‌ನಲ್ಲಿ ಮೂತಿಯಿಂದ ಆಂಟೆನಾಗೆ ಎ, ಆಂಟೆನಾದಿಂದ ಹಿಂಬದಿಗೆ ಬಿ, ಎಡಕ್ಕೆ ಸಿ, ಬಲಕ್ಕೆ ಡಿ ಎಂದು ನಮೂದಿಸುತ್ತೇವೆ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್ ಮತ್ತು ಅದರ ಮೇಲಿನ ಆಂಟೆನಾ ಹಿಂದುಗಡೆ ಇರುವ 200 ಮೀಟರ್ ಉದ್ದದ ಹಡಗಿನಲ್ಲಿ ಎ ಮತ್ತು ಬಿ ಅದಲುಬದಲಾದರೆ, ಬೇರೆ ಹಡಗುಗಳ ಪರದೆಯ ಮೇಲೆ ನಮ್ಮ ಹಡಗಿನ ಮೂತಿ ನೂರಕ್ಕೂ ಹೆಚ್ಚು ಮೀಟರ್ ಹಿಂದೆ ಕಾಣುತ್ತದೆ. ಕೆಲವು ರಿಸೀವರ್‌ಗಳಲ್ಲಿಯೂ ಈ ತಿದ್ದುಪಡಿಗೆ ಅವಕಾಶವಿದೆ. ಅಲ್ಲಿಯೂ ಹಾಕಿ ನಕ್ಷೆಯ ಯಂತ್ರದಲ್ಲಿಯೂ ಹಾಕಿದರೆ ತಿದ್ದುಪಡಿ ಇಮ್ಮಡಿಯಾಗುತ್ತದೆ; ಒಂದೇ ಕಡೆ ಇಡಬೇಕು.

ಇಷ್ಟೆಲ್ಲ ಆದ ಮೇಲೂ ನನ್ನ ಮನಸ್ಸು ಒಪ್ಪದಿರುವುದಕ್ಕೆ 1995ರ ಜೂನ್ 10ರ ಒಂದು ಘಟನೆ ಕಾರಣ. ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿದ್ದ ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗಿನ ಜಿಪಿಎಸ್ ತಂತಿ ಆಂಟೆನಾದಿಂದ ಕಳಚಿಕೊಂಡಿತ್ತು. ರಿಸೀವರ್ ನಿಲ್ಲಲಿಲ್ಲ, ದಿಕ್ಕು ಮತ್ತು ವೇಗದಿಂದ ಸ್ಥಾನವನ್ನು ಅಂದಾಜು ಮಾಡುತ್ತಾ ಹೋಯಿತು. ಆ ಅಂದಾಜಿಗೆ ಗಾಳಿ, ಪ್ರವಾಹಗಳ ಅರಿವಿರಲಿಲ್ಲ. ಈ ಸ್ಥಾನ ನಂಬತಕ್ಕದ್ದಲ್ಲ ಎಂಬ ಸೂಚನೆಯನ್ನು ಆಟೋಪೈಲಟ್ ಗಮನಿಸುವಂತೆ ರೂಪಿಸಿರಲಿಲ್ಲ. ಸುಮಾರು 34 ಗಂಟೆಗಳ ನಂತರ ಹಡಗು ತನ್ನ ಮಾರ್ಗದಿಂದ 17 ಮೈಲಿ ದೂರ ಸರಿದು, ನಾಂಟಕೆಟ್ ಬಳಿ ಮರಳ ದಿಬ್ಬ ಹತ್ತಿತು. ಪ್ರಾಣಹಾನಿಯಾಗಲಿಲ್ಲವೆಂಬುದೇ ಸಮಾಧಾನ.

ಆದ್ದರಿಂದ ಹಡಗು ಬಂದರಿನಲ್ಲಿ ಕಟ್ಟಿರುವಾಗ, ಕ್ಯಾಪ್ಟನ್ನರ ಅನುಮತಿ ಪಡೆದು, ರಿಸೀವರ್‌ನ ಹಿಂದಿನ ಆಂಟೆನಾ ತಂತಿಯನ್ನು ನಾನೇ ಬಿಚ್ಚುತ್ತೇನೆ. ಇದನ್ನು ಹುಡುಗರಿಗೆ ತೋರಿಸಲು ನಮ್ಮ ಮನೆಯ ತಾರಸಿಯಲ್ಲಿ ಹಳೆಯ ರಿಸೀವರ್ ಒಂದನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿಟ್ಟಿದ್ದೇನೆ. 12 ಡಿಗ್ರಿ 31 ನಿಮಿಷ ಉತ್ತರ, 76 ಡಿಗ್ರಿ 54 ನಿಮಿಷ ಪೂರ್ವ ಎಂದು ಮಂಡ್ಯದ ಸ್ಥಾನ ಸಾಲು ಸಾಲಾಗಿ ಬರುತ್ತಿರುತ್ತದೆ. ಸ್ಥಾನ ಹೇಳುವ ಈ ಸಾಲುಗಳಲ್ಲಿ ಜಿಜಿಎ, ಆರ್‌ಎಂಸಿ ಎಂಬ ಹೆಸರಿನವು ಮುಖ್ಯ. ತಂತಿ ಬಿಚ್ಚಿದೊಡನೆ ಜಿಜಿಎ ಸಾಲಿನ ಗುಣಮಟ್ಟದ ಅಂಕಿ 1 ಇದ್ದದ್ದು 0 ಆಗುತ್ತದೆ, ಆರ್‌ಎಂಸಿ ಸಾಲಿನಲ್ಲಿ ಸ್ಥಾನ ಸರಿಯಿದೆ ಎನ್ನುವ ಎ ಇದ್ದಲ್ಲಿ ನಂಬಬೇಡಿ ಎನ್ನುವ ವಿ ಬರುತ್ತದೆ. ಜಿಜಿಎ ಸಾಲಿನ ಆ ಅಂಕಿ ಅಂದಾಜಿನ ಸ್ಥಾನವಾದರೆ 6, ಅಣಕು ಪ್ರದರ್ಶನದ ಸ್ಥಿತಿಯಾದರೆ 8. ಹಡಗೆಲ್ಲಿದೆ ಎಂಬುದರಷ್ಟೇ ಮಹತ್ವ ಈ ಒಂದು ಅಂಕಿಗೆ ಇದೆ, ಆದರೆ ಪರದೆಯ ದೊಡ್ಡ ಅಕ್ಷರಗಳಲ್ಲಿ ಅದು ಎಲ್ಲಿಯೂ ಕಾಣುವುದಿಲ್ಲ.

ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2000ದಲ್ಲಿ ಅಂಗೀಕರಿಸಿದ ಮಾನದಂಡದ ಪ್ರಕಾರ, ಸ್ಥಾನ ಸಿಗದಿದ್ದರೆ ರಿಸೀವರ್ 5 ಸೆಕೆಂಡಿನೊಳಗೆ ಎಚ್ಚರಿಸಬೇಕು. ಆದರೆ ಕೊನೆಯ ಸ್ಥಾನವನ್ನು ತೋರಿಸುತ್ತಲೇ ಇರಬೇಕು. ಅಂಕಿಗಳು ಅಳಿಸಿಹೋಗುವುದಿಲ್ಲವೆಂಬುದನ್ನು ನೆನಪಿಡಬೇಕು. ಹಾಗಾಗಿ ತಂತಿ ಬಿಚ್ಚಿದ ಮೇಲೆ ನಕ್ಷೆಯ ಮುಂದೆ, ರಾಡಾರ್ ಮುಂದೆ, ಎಐಎಸ್ ಮುಂದೆ ಒಂದೊಂದಾಗಿ ನಿಂತು ನೋಡುತ್ತೇನೆ. ಯಾವುದು ಕೂಗಿತು, ಯಾವುದು ಎರಡನೆಯ ರಿಸೀವರ್‌ಗೆ ತಾನೇ ಬದಲಾಯಿಸಿಕೊಂಡಿತು, ಯಾವುದು ಸದ್ದಿಲ್ಲದೆ ಹಳೆಯ ಸ್ಥಾನವನ್ನೇ ಹಿಡಿದುಕೊಂಡಿದೆ ಎಂದು ಬರೆದಿಡುತ್ತೇನೆ. ಕಾವಲಿನಲ್ಲಿರುವ ಅಧಿಕಾರಿಯನ್ನೂ ಜೊತೆಗೆ ನಿಲ್ಲಿಸಿಕೊಳ್ಳುತ್ತೇನೆ, ಏಕೆಂದರೆ ನಡುರಾತ್ರಿ ಆ ಶಬ್ದವನ್ನು ಗುರುತಿಸಬೇಕಾದವರು ಅವರೇ.

ಇದೆಲ್ಲ ಆದ ಬಳಿಕ ತಂತಿ ಜೋಡಿಸಿ, ಮಾಸ್ಟ್ ಹತ್ತಿ, ಉಪ್ಪುನೀರು ಇಳಿಯದಂತೆ ಆಂಟೆನಾ ಬುಡದ ಕನೆಕ್ಟರ್‌ಗೆ ಟೇಪ್ ಸುತ್ತಿ, ತಂತಿ ಜೋಲದಂತೆ ಕಂಬಕ್ಕೆ ಬಿಗಿಯುತ್ತೇನೆ. ಕೆಳಗಿಳಿದು ಜಿಜಿಎ ಸಾಲಿನಲ್ಲಿ 1 ಮರಳಿರುವುದನ್ನು ಕಂಡ ಮೇಲೆಯೇ ವರದಿಗೆ ಸಹಿ.