ಫಿಲ್ಟರ್ ಕೂತರೆ ಸಾಲದು, ಮುಳ್ಳು ಏಳಬೇಕು

ಹಳೆಯ ಸ್ಪೋರ್ಟ್ಸ್ ಕಾರು ಕೊಂಡ ಹೊಸಬರು ಬಣ್ಣ, ಟೈರು, ಹುಡ್ಡಿನ ಬಟ್ಟೆ ಎಲ್ಲವನ್ನೂ ಹತ್ತು ಕಡೆ ವಿಚಾರಿಸುತ್ತಾರೆ. ಆಯಿಲ್ ಫಿಲ್ಟರಿನ ಮಾತು ಬಂದಾಗ ಮಾತ್ರ, ‘ಅಂಗಡಿಯವರು ಕೊಟ್ಟಿದ್ದಾರೆ, ಸರಿಯಾಗಿ ಕೂತಿದೆ’ ಎಂದು ಮುಗಿಸಿಬಿಡುತ್ತಾರೆ. ಫಿಲ್ಟರ್ ಕೂರುವುದು ಬೇರೆ, ಎಂಜಿನ್ನಿಗೆ ಹೊಂದುವುದು ಬೇರೆ. ಹೊಂದಿದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಎಣ್ಣೆಯ ಒತ್ತಡ ತೋರಿಸುವ ಆಯಿಲ್ ಪ್ರೆಶರ್ ಗೇಜ್ ಹೇಳುತ್ತದೆ. ಹಾಗಾಗಿ ಇವೆರಡನ್ನೂ ನಾನು ಬೇರೆ ಬೇರೆ ವಿಷಯಗಳೆಂದು ಎಣಿಸುವುದೇ ಇಲ್ಲ.

ನಾನು ಕಾರವಾರದವನು. ದುಡಿಮೆಯ ವರ್ಷಗಳನ್ನು ಹಡಗಿನ ಎಂಜಿನ್ ಕೋಣೆಯಲ್ಲಿ ಕಳೆದು, ಈಗ ಕೋಡಿಬಾಗದ ಮನೆಯಲ್ಲಿ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಸಾಕಿಕೊಂಡಿದ್ದೇನೆ. ಹಡಗಿನ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಮಿತಿಗಿಂತ ಇಳಿದರೆ ಮೊದಲು ಎಚ್ಚರಿಕೆಯ ಸದ್ದಾಗುತ್ತದೆ. ಇನ್ನೂ ಇಳಿದರೆ ಎಂಜಿನ್ ತಾನಾಗಿ ನಿಲ್ಲುತ್ತದೆ. 1962ರಲ್ಲಿ ಬಂದು 1980ರವರೆಗೆ ತಯಾರಾದ ಎಂಜಿಬಿಯಲ್ಲಿ ಅಂಥ ಕಾವಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಮುಳ್ಳಿದೆ, ಅದನ್ನು ಚಾಲಕ ನೋಡಬೇಕು. ಬೇರೆ ಹಳೆಯ ಕಾರುಗಳಲ್ಲಿರುವ ಕೆಂಪು ದೀಪವನ್ನು ನಂಬಿ ಕೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ದೀಪ ಹೊತ್ತುವುದು ಒತ್ತಡ ಐದಾರು ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಇಳಿದ ಮೇಲೆ. ಓಡುತ್ತಿರುವ ಎಂಜಿನ್ನಿನಲ್ಲಿ ಅಷ್ಟು ಇಳಿಯುವ ಹೊತ್ತಿಗೆ ತಿರುಗುವ ದಂಡವನ್ನು ಹೊರುವ ಬೇರಿಂಗುಗಳ ಗತಿ ಮುಗಿದಿರುತ್ತದೆ.

ಎಂಜಿಬಿಯನ್ನು ಈ ಕಡೆ ಯಾರು ರಿಪೇರಿ ಮಾಡುತ್ತಾರೆ ಎಂದು ಗೋವಾದ ಗೆಳೆಯರು ಕೇಳುತ್ತಿರುತ್ತಾರೆ. ಶಿರಸಿಯಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ, ಬದುಕಿಡೀ ಅಂಬಾಸಿಡರ್ ಟ್ಯಾಕ್ಸಿಗಳ ಎಂಜಿನ್ ಬಿಚ್ಚಿ ಕಟ್ಟಿದವರು. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಬ ಒಂದೇ ಮನೆತನದವು. ಮೇಸ್ತ್ರಿಗೆ ನನ್ನ ಕಾರಿನ ಬಾನೆಟ್ ತೆರೆದಾಗ ಹೊಸದೇನೂ ಕಾಣಲಿಲ್ಲ. ಕಾರ್ಬುರೇಟರ್ ಎರಡಿವೆ ಎಂದಷ್ಟೇ ಹೇಳಿ ನೇರವಾಗಿ ಫಿಲ್ಟರಿನ ಮೇಲೆ ಕೈಯಿಟ್ಟರು.

ಮೊದಲು ಥ್ರೆಡ್ಡಿನ ವಿಚಾರ. ಬ್ರಿಟಿಷ್ ಕಾರುಗಳಿಗೆ ಹೊಂದುವ ತಿರುಗಿಸಿ ಕೂರಿಸುವ ಫಿಲ್ಟರುಗಳಲ್ಲಿ ಬಹಳಷ್ಟಕ್ಕೆ ಮುಕ್ಕಾಲು ಇಂಚಿನ ಥ್ರೆಡ್, ಇಂಚಿಗೆ 16 ಸುತ್ತು. ಅಂದರೆ 19.05 ಮಿ.ಮೀ. ವ್ಯಾಸ, ಸುತ್ತಿನಿಂದ ಸುತ್ತಿಗೆ ಸುಮಾರು 1.59 ಮಿ.ಮೀ. ಅಂತರ. ಜಪಾನಿ ಮೂಲದ ಅನೇಕ ಕಾರುಗಳ ಫಿಲ್ಟರಿನಲ್ಲಿ 20 ಮಿ.ಮೀ. ವ್ಯಾಸ, 1.5 ಮಿ.ಮೀ. ಅಂತರ. ಮೊದಲನೆಯ ಫಿಲ್ಟರ್ ಎರಡನೆಯ ಬಗೆಯ ಎಂಜಿನ್ನಿನ ಥ್ರೆಡ್ ಕೊಳವೆಗೆ ಹತ್ತುವುದೇ ಇಲ್ಲ, ಅದರಿಂದ ಅಪಾಯವಿಲ್ಲ. ತಿರುವುಮುರುವಾದರೆ ಮಾತ್ರ ಭಯ. 20 ಮಿ.ಮೀ.ಯ ಫಿಲ್ಟರ್ ಮುಕ್ಕಾಲು ಇಂಚಿನ ಕೊಳವೆಗೆ ಸಡಿಲವಾಗಿ ಹತ್ತಿಬಿಡುತ್ತದೆ, ಬಾಯಿಯ ರಬ್ಬರ್ ಪ್ಯಾಕಿಂಗ್ ಕೂಡ ಕೂತಂತೆ ಕಾಣುತ್ತದೆ. ಬೆಳಿಗ್ಗೆ ತಣ್ಣಗಿನ ಎಣ್ಣೆ ಪೂರ್ಣ ಒತ್ತಡದಲ್ಲಿ ಬಂದು ಗುದ್ದಿದಾಗ ಅದು ಕಿತ್ತುಕೊಂಡು ಬರಬಹುದು. ಆಮೇಲೆ ಚೇಂಬರಿನ, ಅಂದರೆ ಎಂಜಿನ್ನಿನ ತಳದ ತೊಟ್ಟಿಯ, ಎಣ್ಣೆಯೆಲ್ಲ ರಸ್ತೆಯ ಪಾಲು. ಮಾರುವವರು ‘ಎರಡೂ ಒಂದೇ’ ಎಂದರೆ ನಂಬಬೇಡಿ. ಡಬ್ಬದ ಮೇಲಿನ ಅಳತೆಯನ್ನು ಓದಿ, ಪ್ಯಾಕಿಂಗಿನ ವ್ಯಾಸವನ್ನೂ ಹಳೆಯದರ ಜೊತೆ ಇಟ್ಟು ನೋಡಿ.

ಅಳತೆ ಸರಿಹೋದ ಮೇಲೂ ಫಿಲ್ಟರಿನ ಒಳಗೇನಿದೆ ಎಂದು ನೋಡಬೇಕು. ಬಾಯಿಯ ಸುತ್ತಲಿನ ಸಣ್ಣ ರಂಧ್ರಗಳ ಹಿಂದೆ ರಬ್ಬರಿನ ಪದರ ಕಂಡರೆ ಅದೇ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್. ಫಿಲ್ಟರ್ ಬಾಯಿ ಮೇಲಾಗಿ ತೂಗುವ ಎಂಜಿನ್ನಿನಲ್ಲಿ ಇದಿಲ್ಲದಿದ್ದರೂ ಬಹಳಷ್ಟು ಎಣ್ಣೆ ಒಳಗೇ ಉಳಿಯುತ್ತದೆ. ಕೆಲವು ವರ್ಷಗಳ ಎಂಜಿಬಿಗಳಲ್ಲಿ ಫಿಲ್ಟರ್ ತಲೆಕೆಳಗಾಗಿ, ಬಾಯಿ ಕೆಳಗೆ ಮಾಡಿ ನಿಂತಿರುತ್ತದೆ. ಅಲ್ಲಿ ಆ ರಬ್ಬರ್ ಇಲ್ಲದಿದ್ದರೆ, ಅಥವಾ ಒಣಗಿ ಗಡುಸಾಗಿದ್ದರೆ, ರಾತ್ರಿ ಬೆಳಗಾಗುವುದರೊಳಗೆ ಎಣ್ಣೆ ಚೇಂಬರಿಗೆ ಇಳಿದಿರುತ್ತದೆ. ಪ್ರತಿ ಬೆಳಿಗ್ಗೆ ಎಂಜಿನ್ ಎಚ್ಚರವಾದ ಕೂಡಲೇ ಮುಳ್ಳು ಸೊನ್ನೆಯಲ್ಲೇ ನಿಂತು, ಒಳಗೆ ಒಣ ಗಡಗಡ ಕೇಳಿ, ಆಮೇಲೆ ನಿಧಾನಕ್ಕೆ ಏಳುತ್ತದೆ. ಬೇರಿಂಗ್ ಸವೆಯುವುದು ಆ ಕೆಲವು ಕ್ಷಣಗಳಲ್ಲಿ. ಇದೊಂದು ಕಾರಣಕ್ಕೆ ನಾನು ಅಗ್ಗದ ಫಿಲ್ಟರನ್ನು ಮನೆಯೊಳಗೆ ತರುವುದಿಲ್ಲ.

ಬೈಪಾಸ್ ವಾಲ್ವಿನ ವಿಷಯ ಚಿಕ್ಕದು. ಫಿಲ್ಟರಿನೊಳಗಿನ ಸೋಸುವ ಕಾಗದ ಕೊಳೆಯಿಂದ ಕಟ್ಟಿಕೊಂಡಾಗ ಎಣ್ಣೆಗೆ ಬೇರೆ ದಾರಿ ಬಿಡುವುದು ಅದರ ಕೆಲಸ. ಕೊಳೆ ಎಣ್ಣೆಯಾದರೂ ಬರಲಿ, ಎಣ್ಣೆಯೇ ಇಲ್ಲದಂತಾಗದಿರಲಿ ಎಂಬ ಲೆಕ್ಕ. ಕೆಲವು ಎಂಜಿನ್ನುಗಳಲ್ಲಿ ಅದು ಫಿಲ್ಟರಿನೊಳಗೆ, ಕೆಲವುಗಳಲ್ಲಿ ಎಂಜಿನ್ನಿನ ಕಡೆಯೇ ಇರುತ್ತದೆ. ನಿಮ್ಮದರಲ್ಲಿ ಎಲ್ಲಿದೆ ಎಂದು ಕೈಪಿಡಿಯಲ್ಲಿ ನೋಡಿಕೊಂಡೇ ಕೊಳ್ಳಿ.

ನನ್ನ ಕಾರಿನಲ್ಲಿರುವುದು ಹಳೆಯ ಮಾದರಿ: ಲೋಹದ ಬಟ್ಟಲು, ಒಳಗೆ ಬದಲಿಸುವ ಎಲಿಮೆಂಟ್ (ಸೋಸುವ ಕಾಗದದ ಭಾಗ), ಮಧ್ಯೆ ಉದ್ದನೆಯ ಬೋಲ್ಟ್. ಇದನ್ನು ಕಿತ್ತು ತಿರುಗಿಸುವ ಫಿಲ್ಟರ್ ಹಾಕಿಸಿ ಎಂದು ಬಹಳ ಜನ ಹೇಳುತ್ತಾರೆ. ಅದು ಸುಲಭ, ಕೈಗೆ ಮಸಿಯೂ ಕಡಿಮೆ. ಆದರೂ ನನಗೆ ಬಟ್ಟಲೇ ಇಷ್ಟ, ಏಕೆಂದರೆ ಪ್ರತಿಸಲವೂ ತಳದಲ್ಲಿ ಏನು ಕೂತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಬಟ್ಟಲಿಗೆ ತಾಳ್ಮೆ ಬೇಕು. ಬಟ್ಟಲು ಕೂರುವ ಮೇಲಿನ ತೋಡಿನಲ್ಲಿ ಹಳೆಯ ರಬ್ಬರ್ ರಿಂಗ್ ಕಪ್ಪಾಗಿ, ಗಟ್ಟಿಯಾಗಿ, ಲೋಹದ ಭಾಗವೇ ಎಂಬಂತೆ ಅಂಟಿಕೊಂಡಿರುತ್ತದೆ. ಅದನ್ನು ಚೂಪಾದ ಸೂಜಿಯಿಂದ ಪೂರ್ತಿ ಕಿತ್ತು ತೆಗೆಯದೆ ಹೊಸದನ್ನು ಮೇಲೆ ಕೂರಿಸಿದರೆ ಎಣ್ಣೆ ಚಿಮ್ಮುವುದು ಖಂಡಿತ. ಒಳಗಿನ ಸ್ಪ್ರಿಂಗ್, ವಾಷರ್, ತಟ್ಟೆ ಬಿಚ್ಚಿದ ಕ್ರಮದಲ್ಲೇ ಮರಳಿ ಹೋಗಬೇಕು. ಬೋಲ್ಟಿನ ಸುತ್ತ ಕೂರುವ ಸಣ್ಣ ಸೀಲ್ ಎಲಿಮೆಂಟಿನ ಜೊತೆ ಕಸದ ಬುಟ್ಟಿಗೆ ಹೋದರೆ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಗೇಜೂ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಎಣ್ಣೆ ಕಾಗದವನ್ನು ಮುಟ್ಟದೆ ಪಕ್ಕದಿಂದ ಹಾದುಹೋಗುತ್ತಿರುತ್ತದೆ.

ತಿರುಗಿಸುವ ಫಿಲ್ಟರ್ ಬಳಸುವವರು ಹಳೆಯದನ್ನು ಎಸೆಯುವ ಮುನ್ನ ಕತ್ತರಿಸಿ ನೋಡಿ. ಅದಕ್ಕೆಂದೇ ಇರುವ ಕಟರ್ ಬೇಕು. ಗರಗಸದಲ್ಲಿ ಕೊಯ್ದರೆ ಅದರ ಪುಡಿಯೇ ಒಳಗೆ ಸೇರಿ ಎಲ್ಲ ಗೊಂದಲವಾಗುತ್ತದೆ. ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿದು ಅಯಸ್ಕಾಂತ ಆಡಿಸಬೇಕು. ಅದಕ್ಕೆ ಅಂಟಿದ್ದು ಉಕ್ಕು ಅಥವಾ ಬೀಡುಕಬ್ಬಿಣ. ಅಂಟದೆ ತಾಮ್ರದ ಬಣ್ಣದಲ್ಲಿ ಮಿಂಚಿದ್ದು ಬೇರಿಂಗಿನಿಂದ ಬಂದಿರುವ ಸಂಭವ ಹೆಚ್ಚು.

ಇನ್ನು ಗೇಜ್. ‘ತಣ್ಣಗಿನ ಎಂಜಿನ್ನಿನ ಪ್ರೆಶರ್ ನೋಡಿ ಖುಷಿಪಡಬೇಡಿ ಸಾಹೇಬರೇ, ಘಟ್ಟ ಹತ್ತಿಸಿ ತನ್ನಿ, ಆಮೇಲೆ ಮಾತಾಡೋಣ’ ಎಂದಿದ್ದರು ಮೇಸ್ತ್ರಿ. ಅವರ ಮಾತು ನೂರಕ್ಕೆ ನೂರು ಸರಿ. ಪಂಪು ಕೊಡುವುದು ಹರಿವನ್ನು. ಆ ಹರಿವಿಗೆ ಬೇರಿಂಗುಗಳ ಸಂದಿ ಒಡ್ಡುವ ಅಡ್ಡಿಯೇ ಒತ್ತಡ. ತಣ್ಣಗಿನ ಮಂದ ಎಣ್ಣೆ ಸವೆದ ಎಂಜಿನ್ನಿನಲ್ಲೂ ಮುಳ್ಳನ್ನು ಮೇಲೇರಿಸಿ ಸುಳ್ಳು ಹೇಳಿಸುತ್ತದೆ. ನಾನು ಪರೀಕ್ಷೆಗೆ ಕುಮಟೆಯಿಂದ ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುತ್ತೇನೆ. ಎರಡನೇ ಗೇರಿನ ತಿರುವುಗಳಲ್ಲಿ ಎಣ್ಣೆ ನಿಜವಾಗಿ ಕಾಯುತ್ತದೆ. ಮನೆಯಂಗಳದಲ್ಲಿ ಕಾಲು ಗಂಟೆ ಸುಮ್ಮನೆ ಓಡಿಸಿದರೆ ನೀರು ಬಿಸಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಘಟ್ಟದ ಮೇಲೆ ದೇವಸ್ಥಾನದ ಬಳಿ ನಿಲ್ಲಿಸಿ ಎಂಜಿನ್ನನ್ನು ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡಲು, ಬಿಟ್ಟು ಮುಳ್ಳನ್ನು ಓದಿಕೊಳ್ಳುತ್ತೇನೆ. ಎಂಜಿಬಿಗೆ ತಯಾರಕರು ಕೊಟ್ಟ ಅಳತೆ ಓಡುವಾಗ 50ರಿಂದ 80 ಪಿಎಸ್‌ಐ, ಐಡ್ಲಿಂಗಿನಲ್ಲಿ 10ರಿಂದ 25. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿ 15 ತೋರಿಸಿದರೆ ಗಾಬರಿಪಡುವವರಿದ್ದಾರೆ, ಅದು ಸಹಜ. ನಿಮಿಷಕ್ಕೆ 3000 ಸುತ್ತಿನಲ್ಲೂ 50 ಮುಟ್ಟದಿದ್ದರೆ ಯೋಚಿಸಬೇಕು.

ಯೋಚಿಸುವ ಮೊದಲ ಹೆಜ್ಜೆ ಗೇಜನ್ನೇ ಸಂಶಯಿಸುವುದು. ಅರ್ಧ ಶತಮಾನದ ಹಿಂದಿನ ಮುಳ್ಳನ್ನು ನಂಬಿ ಎಂಜಿನ್ ಇಳಿಸುವುದು ದುಂದು. ಒಳ್ಳೆಯ ಪರೀಕ್ಷಾ ಗೇಜನ್ನು ನೇರವಾಗಿ ಬ್ಲಾಕಿಗೆ ಜೋಡಿಸಿ ಹೋಲಿಸಿ. ಅದೂ ಕಡಿಮೆ ತೋರಿಸಿದರೆ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಎಣ್ಣೆ ತೆಳುವಾಗಿದೆ. ಎಂಜಿಬಿಯ ಪೆಟ್ರೋಲ್ ಪಂಪು ಹಿಂಭಾಗದಲ್ಲಿರುವ ವಿದ್ಯುತ್ ಪಂಪು, ಆದ್ದರಿಂದ ಕಾರ್ಬುರೇಟರ್ ಉಕ್ಕುವುದನ್ನು ಹುಡುಕಬೇಕು. ಅಂಬಾಸಿಡರಿನಲ್ಲಾದರೆ ಎಂಜಿನ್ನಿಗೇ ಅಂಟಿದ ಪಂಪಿನ ಡಯಾಫ್ರಾಮ್ ಹರಿದಿರಬಹುದು. ಆಮೇಲೆ ಹೆಚ್ಚಾದ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ಬಿಚ್ಚಿ, ಕೂರುವ ಜಾಗದಲ್ಲಿ ಕಸವಿದೆಯೇ, ಸ್ಪ್ರಿಂಗ್ ಕುಗ್ಗಿದೆಯೇ ನೋಡಬೇಕು. ಸ್ಪ್ರಿಂಗಿನ ಹಿಂದೆ ವಾಷರ್ ತುರುಕಿ ಪ್ರೆಶರ್ ‘ಏರಿಸಿ’ ಕಾರು ಮಾರುವವರಿದ್ದಾರೆ. ಆ ವಾಲ್ವ್ ಮಿತಿ ಹಾಕುವುದು ಮೇಲಿನ ತುದಿಗೆ ಮಾತ್ರ. ಬಿಸಿ ಐಡ್ಲಿಂಗಿನಲ್ಲಿ ಅದು ಮುಚ್ಚಿಯೇ ಇರುವುದರಿಂದ ಸವೆದ ಬೇರಿಂಗಿಗೆ ವಾಷರಿನಿಂದ ಯಾವ ಉಪಕಾರವೂ ಇಲ್ಲ. ಹಳೆಯ ಕಾರು ಕೊಳ್ಳಲು ಹೋದಾಗ ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟಿರಲಿ, ತಣ್ಣಗಿರಲಿ, ನೀವೇ ಒಂದು ಸುತ್ತು ಓಡಿಸಿ ಬಂದು ಐಡ್ಲಿಂಗಿನ ಮುಳ್ಳನ್ನು ನೋಡದೆ ಹಣ ಕೊಡಬೇಡಿ.

ಎಣ್ಣೆಯ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. 20ಡಬ್ಲ್ಯು-50 ಎಂಬ ಮಂದ ದರ್ಜೆಯ ಖನಿಜ ಎಣ್ಣೆ. ನಮ್ಮ ಕರಾವಳಿಯ ಚಳಿ ಅದನ್ನು ಕಷ್ಟಕ್ಕೀಡುಮಾಡುವಷ್ಟು ಚಳಿಯೇ ಅಲ್ಲ. ಹೊಸ ಕಾರುಗಳ ತೆಳು ಎಣ್ಣೆಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿನ ರಕ್ಷಣೆಗಾಗಿ ಸತು ಮತ್ತು ರಂಜಕದ ಅಂಶ ತಗ್ಗಿಸಿರುತ್ತಾರೆ. ಹಳೆಯ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜಾಟಕ್ಕೆ ಆ ಅಂಶವೇ ಬೇಕು.

ಎಣ್ಣೆ, ಫಿಲ್ಟರ್ ಎರಡನ್ನೂ ನಾನು ಬದಲಿಸುವುದು ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ. ಮಳೆ ಮುಗಿದ ಮೇಲೆ ಬದಲಿಸಿದರಾಯಿತು ಎನ್ನುವುದು ಇಲ್ಲಿನ ರೂಢಿ, ನಾನು ಒಪ್ಪುವುದಿಲ್ಲ. ಬಳಸಿದ ಎಣ್ಣೆಯಲ್ಲಿ ಆಮ್ಲವೂ ತೇವವೂ ಇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಂತ ಎಂಜಿನ್ನಿನಲ್ಲಿ ಅವು ಬೇರಿಂಗನ್ನು ತಿನ್ನುತ್ತ ಕೂರುತ್ತವೆ. ಮಳೆಯಲ್ಲಿ ಪೇಟೆಗಷ್ಟೇ ಹೋಗಿಬರುವವರು ಎಣ್ಣೆ ಹಾಕುವ ಮುಚ್ಚಳ ತೆರೆದು ನೋಡಿ, ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಮೆತ್ತಿರುತ್ತದೆ. ಎಂಜಿನ್ ಪೂರ್ತಿ ಕಾಯದೆ ಒಳಗೇ ಹನಿಗಟ್ಟಿದ ನೀರು ಎಣ್ಣೆಯೊಡನೆ ಕಲಸಿದ್ದು ಅದು. ಒಮ್ಮೆ ಅಂಕೋಲೆ ದಾಟಿ ಅರಬೈಲು ಘಟ್ಟ ಹತ್ತಿಸಿ ತಂದರೆ ಬಹುಪಾಲು ಹೋಗುತ್ತದೆ. ಹೋಗದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಮಳೆ ನಿಂತ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಇಗ್ನಿಷನ್ ಕಾಯಿಲ್‌ನ ವೈರ್ ತೆಗೆದಿಟ್ಟು, ಮುಳ್ಳು ಅಲುಗುವವರೆಗೆ ಸ್ಟಾರ್ಟರಿನಲ್ಲಿ ಮಾತ್ರ, ನಡುನಡುವೆ ಬಿಡುವು ಕೊಟ್ಟು ತಿರುಗಿಸುತ್ತೇನೆ. ಆಮೇಲೆಯೇ ಕಿಡಿ. ಅದೇ ಹೊತ್ತಿಗೆ ಬ್ಲಾಕಿನಿಂದ ಗೇಜಿಗೆ ಹೋಗುವ ಸಣ್ಣ ರಬ್ಬರ್ ಪೈಪನ್ನು ಬಗ್ಗಿಸಿ ನೋಡುತ್ತೇನೆ. ಬೇಸಿಗೆಯ ಕಾವು, ಮಳೆಗಾಲದ ತೇವ ಎರಡನ್ನೂ ತಿಂದ ರಬ್ಬರ್ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಅದು ಒಡೆದರೆ ಎಂಜಿನ್ನಿನ ಪಂಪೇ ಚೇಂಬರಿನ ಎಣ್ಣೆಯನ್ನು ಹೊರಗೆ ಸುರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಕಂಡರೂ ಹೊಸ ಪೈಪ್ ಹಾಕಿಸಿದ ಮೇಲೆಯೇ ಗೇಟು ದಾಟಿ.