ತಟ್ಟೆ ಮುಂದಿಟ್ಟುಕೊಂಡು ಕೊಡುವ ಉತ್ತರ

ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಒಬ್ಬರು ಮಾತ್ರ ತಾನು ವೀಗನ್, ಅಂದರೆ ಮಾಂಸ, ಮೊಟ್ಟೆ, ಹಾಲು ಹೀಗೆ ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ ಎಂದರೆ ಸಾಕು, ಮಾತು ಅವರ ತಟ್ಟೆಯ ಕಡೆ ತಿರುಗುತ್ತದೆ. "ಹಾಗಾದ್ರೆ ನಿಮಗೆ ಪ್ರೋಟೀನ್ ಎಲ್ಲಿಂದ ಬರುತ್ತೆ?" ಎಂಬ ಪ್ರಶ್ನೆ ಮೊದಲ ತುತ್ತಿಗೇ ಬರುತ್ತದೆ. "ಎಲ್ಲದರಲ್ಲೂ ಇರುತ್ತೆ ಬಿಡಿ" ಎಂದು ತೇಲಿಸಿಬಿಟ್ಟರೆ ಕೇಳಿದವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಇಲ್ಲಿ ಲೆಕ್ಕ ಹೇಳಬೇಕು.

ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಬೇಕು. ಸಸ್ಯಮೂಲದ ಪ್ರೋಟೀನ್ ಸ್ವಲ್ಪ ಕಡಿಮೆ ಜೀರ್ಣವಾಗುವುದರಿಂದ 1 ಗ್ರಾಂ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು. 60 ಕಿಲೋ ತೂಗುವವರಿಗೆ 60 ಗ್ರಾಂ ಆಯಿತು. ಬೇಯಿಸಿದ ಬೇಳೆಕಾಳು ಒಂದು ದೊಡ್ಡ ಬಟ್ಟಲು ತಿಂದರೆ 15ರಿಂದ 18 ಗ್ರಾಂ, ಒಣ ಸೋಯಾ ಚಂಕ್ಸ್ 50 ಗ್ರಾಂ ಬೇಯಿಸಿಕೊಂಡರೆ 25 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7 ಗ್ರಾಂ. ಉಳಿದದ್ದನ್ನು ದಿನವಿಡೀ ತಿನ್ನುವ ಧಾನ್ಯವೇ ತುಂಬಿಸುತ್ತದೆ. ಎಡವಟ್ಟಾಗುವುದು ಎಲ್ಲೆಂದರೆ, ಮಾಂಸ ಬಿಟ್ಟವರು ಆ ಜಾಗಕ್ಕೆ ಬೇಳೆಕಾಳು ತರದೆ ಬರೀ ಧಾನ್ಯ, ತರಕಾರಿಯಲ್ಲಿ ದಿನ ದೂಡುವಾಗ. ಧಾನ್ಯದಲ್ಲಿ ಪ್ರೋಟೀನಿನ ಒಂದು ಘಟಕವಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಎರಡನ್ನೂ ಒಂದೇ ಹೊತ್ತಿಗೆ ತಿನ್ನಬೇಕೆಂದೇನಿಲ್ಲ, ಒಂದೇ ದಿನದಲ್ಲಿ ಹೊಟ್ಟೆಗೆ ಹೋದರೆ ಸಾಕು.

"ಸೊಪ್ಪು ತಿಂದ್ರೆ ಶಕ್ತಿ ಎಲ್ಲಿರುತ್ತೆ?" ಎನ್ನುವವರಿಗೆ ಅಮೆರಿಕದ ಓಟಗಾರ ಕಾರ್ಲ್ ಲೂಯಿಸ್ ನೆನಪು ಮಾಡಿಕೊಡಬಹುದು. 1991ರಲ್ಲಿ ಟೋಕಿಯೋದಲ್ಲಿ 100 ಮೀಟರನ್ನು 9.86 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದಾಗ ತಾನು ವೀಗನ್ ಊಟದಲ್ಲಿದ್ದೆ ಎಂದು ಅವರೇ ಹೇಳಿದ್ದಾರೆ. ಆದರೆ ಒಬ್ಬ ಓಟಗಾರನಿಂದ ಸಾಬೀತಾಗುವುದು "ಸಾಧ್ಯ" ಎಂಬುದಷ್ಟೇ. ಅದಕ್ಕಿಂತ ಹೆಚ್ಚು ಎಳೆಯಬಾರದು.

"ಏನಾದ್ರೂ ಕೊರತೆ ಇದ್ದೇ ಇರುತ್ತಲ್ಲ?" ಎಂದು ಯಾರಾದರೂ ಕೇಳಿದರೆ ಹೌದು ಎನ್ನುವುದೇ ಸರಿ. ವೀಗನ್ ಊಟದಲ್ಲಿ ಬಿ12 ಎಂಬ ವಿಟಮಿನ್ ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ, ಗಿಡವಲ್ಲ. ವಯಸ್ಕರಿಗೆ ಬೇಕಾದದ್ದು ದಿನಕ್ಕೆ ಬರೀ 2.4 ಮೈಕ್ರೋಗ್ರಾಂ, ಆದರೂ ಅದಕ್ಕಾಗಿ ನೆಚ್ಚಿಕೊಳ್ಳಬಹುದಾದ ಸಸ್ಯಮೂಲದ ಆಹಾರ ಇಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿದೆ ಎಂಬ ಮಾತು ಹಬ್ಬಿದೆ. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುವುದರಿಂದ ಊಟ ಬದಲಿಸಿದ ಹೊಸದರಲ್ಲಿ ಏನೂ ಗೊತ್ತಾಗುವುದಿಲ್ಲ. ಸೊಪ್ಪು, ಕಾಳಿನಲ್ಲಿ ಹೇರಳವಾಗಿರುವ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಬಿ12 ಕೊರತೆಯ ರಕ್ತಹೀನತೆಯನ್ನು ಮುಚ್ಚಿಹಾಕಬಹುದು, ಅತ್ತ ನರಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಕೈಕಾಲು ಜೋಮು ಹಿಡಿಯುವ ತನಕ ಕಾಯಬಾರದು. ಮಾತ್ರೆ ತೆಗೆದುಕೊಳ್ಳಬೇಕು, ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಬೇಕು. ಮಾತ್ರೆಯ ಮೇಲೆ 500 ಅಥವಾ 1000 ಮೈಕ್ರೋಗ್ರಾಂ ಎಂದಿದ್ದರೆ ಗಾಬರಿ ಬೇಡ. ಕರುಳು ಒಂದು ಸಲಕ್ಕೆ ಸಹಜವಾಗಿ ಹೀರುವುದು ಹೆಚ್ಚೆಂದರೆ 2 ಮೈಕ್ರೋಗ್ರಾಂನಷ್ಟು, ಅದಕ್ಕೂ ಮೇಲಿನದರಲ್ಲಿ ಒಳಗೆ ಇಳಿಯುವುದು ನೂರಕ್ಕೆ ಒಂದು ಪಾಲು. ಹಾಲು ಕುಡಿಯುವ ಸಸ್ಯಾಹಾರಿಗಳೂ ತಮಗೆ ಇದು ಸಂಬಂಧವಿಲ್ಲ ಎಂದುಕೊಳ್ಳದಿರಲಿ.

ಈ ಒಂದು ವಿಷಯವನ್ನು ಮುಚ್ಚಿಡದೆ ಹೇಳಿದವರ ಉಳಿದ ಮಾತಿಗೂ ತೂಕ ಬರುತ್ತದೆ. ಕಬ್ಬಿಣದ ಅಂಶದ ಬಗ್ಗೆ ಕೇಳಿದರೆ, ಕಾಳಿನ ಜೊತೆ ನಿಂಬೆರಸ ಹಿಂಡಿಕೊಳ್ಳುವುದನ್ನೂ, ಕಾಫಿ, ಟೀಯನ್ನು ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯುವುದನ್ನೂ ಹೇಳಿದರಾಯಿತು.

"ಗಿಡಕ್ಕೂ ಜೀವ ಇದೆಯಲ್ಲ?" ಇದೆ. ಆದರೆ ನರಮಂಡಲ ಇಲ್ಲ, ಮಿದುಳಿಲ್ಲ. ಗಿಡದ ಮೇಲೇ ಕರುಣೆ ಎಂದರೂ, ಸಾಕಿದ ಪ್ರಾಣಿ ತಾನು ಕೊಡುವ ಆಹಾರಕ್ಕಿಂತ ಎಷ್ಟೋ ಪಟ್ಟು ಮೇವು ತಿಂದು ಬೆಳೆದಿರುತ್ತದೆ, ಹಾಗಾಗಿ ಮಾಂಸದೂಟಕ್ಕೇ ಗಿಡ ಹೆಚ್ಚು ಬೇಕು.

ಹೊಗಳಿಕೆಯನ್ನೂ ತಿದ್ದಬೇಕಾಗುತ್ತದೆ. "ನಿಮಗೇನ್ರೀ, ಆರೋಗ್ಯವಾಗಿರ್ತೀರಿ" ಎನ್ನುತ್ತಾರೆ. ಸಕ್ಕರೆ, ಮೈದಾ, ಎಣ್ಣೆಯಲ್ಲಿ ಕರಿದ ಆಲೂಗಡ್ಡೆ, ಇವೆಲ್ಲ ವೀಗನ್ನೇ. ಬರೀ ಇವನ್ನೇ ತಿಂದವರು ಹೇಗಿರುತ್ತಾರೆ ಎಂಬುದಕ್ಕೆ ಪುರಾವೆ ಬೇಕಿಲ್ಲ. "ನಾವು ತಿನ್ನೋದು ನೋಡಿದ್ರೆ ಬೇಜಾರಾ?" ಎಂದು ಕೇಳಿದಾಗ ಮಾತ್ರ, ಅವರ ಕೈಯಲ್ಲಿ ತುತ್ತು ಇರುವಾಗ ಕಸಾಯಿಖಾನೆಯ ವಿಷಯ ತೆಗೆಯಬಾರದು. "ಊಟ ಮುಗೀಲಿ, ಆಮೇಲೆ ಮಾತಾಡೋಣ" ಎಂದು ಹೇಳಿ, ಅವರಾಗಿ ಬಂದು ಕೇಳಿದರೆ ಮನಸ್ಸು ಬಿಚ್ಚಿ ಹೇಳಬೇಕು. ಹಾಗೆ ಬಂದು ಕೇಳುವವರು ನಿಜಕ್ಕೂ ಇದ್ದಾರೆ.

ಇನ್ನು "ಮಾಂಸದ ತುಂಡು ತೆಗೆದಿಟ್ಟು ತಿನ್ನಿ" ಎಂಬ ಸಲಹೆ. ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ, ಆದರೆ ರಸದಲ್ಲೂ ಅದೇ ಇದೆ ಎಂದು ಮೆತ್ತಗೆ ಹೇಳಬೇಕು. ಅಡುಗೆಯವರ ಬಳಿ "ವೀಗನ್ ಇದೆಯಾ" ಎಂದರೆ ಹಾಲು, ಬೆಣ್ಣೆ ಹಾಕಿದ್ದನ್ನೇ ತಂದಿಡುವುದು ಸಾಮಾನ್ಯ. ಹಾಲು, ಬೆಣ್ಣೆ, ಮೊಟ್ಟೆ, ಜೇನು, ಮಾಂಸದ ಸಾರು ಎಂದು ಒಂದೊಂದನ್ನೂ ಹೆಸರಿಟ್ಟು ಕೇಳಬೇಕು. ಪ್ಯಾಕೆಟ್ ಆದರೆ ಹಿಂಬದಿಯಲ್ಲಿ ಹಾಲಿನಿಂದ ಬರುವ ವೇ, ಕೇಸಿನ್, ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್, ಕೆಂಪು ಬಣ್ಣದ ಇ120 ಹುಡುಕಬೇಕು. ಈ ಕೊನೆಯದನ್ನು ಕೀಟದಿಂದ ತೆಗೆಯುತ್ತಾರೆ. ಕೇಳುವುದನ್ನೆಲ್ಲ ಆರ್ಡರ್ ಕೊಡುವ ಮೊದಲೇ ಕೇಳಿಬಿಟ್ಟರೆ ಬಡಿಸಿದ ಮೇಲೆ ಯಾರನ್ನೂ ಮುಜುಗರಕ್ಕೆ ಸಿಕ್ಕಿಸಬೇಕಾಗುವುದಿಲ್ಲ.